ಕಾಯಿದೆಗನುಸಾರವಾದ ವಿವಾಹವೂ ಸ್ತ್ರೀಯರ ಹಕ್ಕುಗಳೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯರಾದವರು ಒಂದು ಲೇಖನವನ್ನು ಬರೆಯುವುದು ರೂಢಿಯಾಗಿ ಬಂದಿರುತ್ತದೆ. ಪರೀಕ್ಷೆಗಳ ಫಲಿತಾಂಶ, ಕಟ್ಟಡದ ಕೆಲಸ, ಆಟಪಾಟಗಳಲ್ಲಿ ನಮ್ಮ ಹುಡುಗಿಯರು ಪಡೆದ ಬಹುಮಾನಗಳು ಮುಂತಾದ ಸಂಗತಿಗಳನ್ನು ಅದರಲ್ಲಿ ನಿವೇದಿಸುವುದುಂಟು. ಅವೆಲ್ಲವೂ ಬೇರೆ ಪುಟಗಳಲ್ಲಿ ಬಂದಿರುವ ಕಾರಣ, ಈ ಸಾರಿ ನಾವು ಮತ್ತೊಂದು ವಿಷಯವನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಮಕ್ಕಳ ತಂದೆತಾಯಿಗಳೊಡನೆಯೂ ಮಾತಾಡಲಿಚ್ಛಿಸುತ್ತೇವೆ. ಈ ವಿಷಯವನ್ನು ನಾವಾಗಿ ಹುಡುಕಿ ಆರಿಸಿಕೊಂಡವರಲ್ಲ. ಅದೇ ಒಂದು ದಿನ ನಮ್ಮ ಕಚೇರಿಯ ಬಾಗಿಲಿಗೆ ಬಂದು ನಿಂತಿತು.

ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ವರುಷದ ಮಗುವನ್ನು ಎತ್ತಿಕೊಂಡು ನಮ್ಮನ್ನು ಕಾಣಲು ಬಂದಳು. ಅವಳ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹೇಳುವುದು ಯುಕ್ತವಲ್ಲ. ಅವಳ ಗಂಡನು ಬೇರೊಂದು ಪಟ್ಟಣದಲ್ಲಿ ಕೆಲಸಕ್ಕೆ ಸೇರಿ, ಮನೆಗೆ ಬರುವುದನ್ನೂ ಹಣ ಕಳುಹಿಸುವುದನ್ನೂ ನಿಲ್ಲಿಸಿಬಿಟ್ಟಿದ್ದನು. ಅಲ್ಲಿ ಇನ್ನೊಬ್ಬಳನ್ನು ಮದುವೆಯಾಗುವ ಮಾತುಕತೆಯೂ ನಡೆದಿತ್ತು. ಹಿರಿಯರು ಹೋಗಿ ವಿಚಾರಿಸಿದಾಗ, "ಅವಳಿಗೂ ನನಗೂ ಮದುವೆಯೇ ಆಗಿಲ್ಲ; ಆಗಿದ್ದರೆ ಪತ್ರ ತೋರಿಸಲಿ" ಎಂದನಂತೆ. ಪತ್ರವೆಂಬುದು ಇವಳ ಹತ್ತಿರ ಇರಲಿಲ್ಲ. ಮದುವೆಯು ಒಂದು ಬಾಡಿಗೆಯ ಪ್ರಾರ್ಥನಾಮಂದಿರದಲ್ಲಿ, ರಾತ್ರಿ ಎಂಟು ಗಂಟೆಯ ಮೇಲೆ, ಊರೂರು ತಿರುಗುವ ಬೋಧಕನೊಬ್ಬನ ಕೈಯಿಂದ ನಡೆದಿತ್ತು. ಅವನಿಗೆ ಮದುವೆ ಮಾಡಿಸುವ ಲೈಸೆನ್ಸು ಇದ್ದಿತೋ ಇಲ್ಲವೋ ಯಾರೂ ಕೇಳಿರಲಿಲ್ಲ. ಯಾವ ಪುಸ್ತಕದಲ್ಲಿಯೂ ಯಾರ ರುಜುವೂ ಬಿದ್ದಿರಲಿಲ್ಲ. ಆ ಬೋಧಕನು ಈಗ ಎಲ್ಲಿರುವನೆಂಬುದೂ ತಿಳಿಯದು.

ಅವಳು ನಮ್ಮನ್ನು ನೋಡಿ, "ಟೀಚರಮ್ಮಾ, ನೀವು ನನ್ನ ಮದುವೆಗೆ ಬಂದಿದ್ದಿರಲ್ಲಾ? ನೀವೇ ಹೇಳಿ, ನನಗೆ ಮದುವೆ ಆಯಿತೋ ಇಲ್ಲವೋ?" ಎಂದು ಕೇಳಿದಳು.

ಹೌದು, ನಾವು ಹೋಗಿದ್ದೆವು. ಕೊನೆಯ ಸಾಲಿನ ಬೆಂಚಿನಲ್ಲಿ ಕುಳಿತು ಕೀರ್ತನೆ ಹಾಡಿದ್ದೆವು. ಊಟ ಮಾಡಿ, ಮದುಮಕ್ಕಳನ್ನು ಹರಸಿ, ಒಂದು ಗೋಡೆಯ ಗಡಿಯಾರವನ್ನು ಉಡುಗೊರೆಯಾಗಿ ಕೊಟ್ಟು ಮನೆಗೆ ಬಂದಿದ್ದೆವು. ರಿಜಿಸ್ಟರು ಎಲ್ಲಿದೆಯೆಂದು ನಾವೂ ಕೇಳಲಿಲ್ಲ. ಆ ಹುಡುಗಿಗೆ ಹತ್ತನೆಯ ತರಗತಿಯವರೆಗೆ ವ್ಯಾಕರಣ, ಗಣಿತ, ಹೊಲಿಗೆ, ವೇದಪಾಠ ಇವೆಲ್ಲವನ್ನೂ ಕಲಿಸಿದ ಶಾಲೆಯು, ಅವಳ ಬಾಳಿನ ಅತಿ ದೊಡ್ಡ ಕರಾರಿನ ವಿಷಯವಾಗಿ ಒಂದು ಮಾತನ್ನೂ ಕಲಿಸಿರಲಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಬೇಕೆಂಬುದೇ ಈ ಲೇಖನದ ಉದ್ದೇಶ.

೧. ಮದುವೆಗೆ ಸಾಕ್ಷಿಗಳೇಕೆ?

"ಮನಸ್ಸು ಮನಸ್ಸು ಕೂಡಿದ ಮೇಲೆ ಕಾಗದವೇತಕ್ಕೆ? ದೇವರೇ ಸಾಕ್ಷಿಯಲ್ಲವೆ?" ಎಂದು ಕೇಳುವವರುಂಟು. ದೇವರು ಸಾಕ್ಷಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೇದಪಾಠದಲ್ಲಿ ರೂತಳ ಚರಿತ್ರೆಯನ್ನು ಕಲಿತ ನಮ್ಮ ಹುಡುಗಿಯರು ಒಂದು ಸಂಗತಿಯನ್ನು ನೆನಪಿಗೆ ತಂದುಕೊಳ್ಳಲಿ. ಪರದೇಶದವಳೂ ವಿಧವೆಯೂ ಬಡವಳೂ ಆದ ರೂತಳನ್ನು ಬೋವಜನು ಮದುವೆಯಾಗಲು ನಿಶ್ಚಯಿಸಿದಾಗ, ಆ ಮಾತನ್ನು ಕಣದಲ್ಲಿಯೇ ಗುಟ್ಟಾಗಿ ಮುಗಿಸಲಿಲ್ಲ. ಊರಬಾಗಿಲಿಗೆ ಹೋಗಿ, ಹಿರಿಯರಲ್ಲಿ ಹತ್ತು ಮಂದಿಯನ್ನು ಕೂರಿಸಿಕೊಂಡು, ನೆರೆದ ಜನರನ್ನೆಲ್ಲಾ ಸಾಕ್ಷಿಗಳನ್ನಾಗಿ ಮಾಡಿಕೊಂಡ ಬಳಿಕವೇ ಅವಳನ್ನು ಪರಿಗ್ರಹಿಸಿದನು. ಅವನ ಮಾತನ್ನು ರೂತಳು ನಂಬಿರಲಿಲ್ಲವೆಂದಲ್ಲ. ಬಲವಿಲ್ಲದವಳಿಗೆ ಸಮಾಜದ ಬಲವು ಬೇಕಾಗಿದ್ದಿತು. ಆ ಕಾಲದ ಊರಬಾಗಿಲಿನ ಸ್ಥಾನದಲ್ಲಿ ಈಗ ರಿಜಿಸ್ಟ್ರಿಯ ಪುಸ್ತಕವಿದೆಯೆಂದು ತಿಳಿಯತಕ್ಕದ್ದು. ಸುಖದ ದಿನಗಳಲ್ಲಿ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಕಷ್ಟದ ದಿನದಲ್ಲಿ ಅದೇ ಹತ್ತು ಹಿರಿಯರ ಮಾತಾಗಿ ನಿಲ್ಲುವುದು.

೨. ಹಿಂದಿನವರು ಪಟ್ಟ ಪಾಡು

ಇಂದಿನ ಹಕ್ಕುಗಳು ತಾವಾಗಿ ಬಂದುವಲ್ಲ. ೧೮೫೮ರಲ್ಲಿ ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ೧೮೮೦ರಲ್ಲಿ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿಯವರನ್ನು ವರಿಸಿದರು. ಇಬ್ಬರ ಜಾತಿಯೂ ಬೇರೆ, ಪ್ರಾಂತವೂ ಬೇರೆ. ಶಾಸ್ತ್ರೋಕ್ತವಾದ ಮದುವೆಗೆ ಅವಕಾಶವಿಲ್ಲದ್ದರಿಂದ ಅವರು ೧೮೭೨ರ ಮೂರನೆಯ ಕಾಯಿದೆಯ ಮೇರೆಗೆ ರಿಜಿಸ್ಟ್ರಾರರ ಮುಂದೆ ಮದುವೆಯಾದರು. ಎರಡು ವರುಷ ತುಂಬುವುದರೊಳಗೆ ಪತಿಯು ತೀರಿಹೋಗಲು, ಕೈಯಲ್ಲಿ ಹೆಣ್ಣುಕೂಸೊಂದನ್ನು ಹಿಡಿದು ರಮಾಬಾಯಿಯವರು ಜೀವನವನ್ನು ಎದುರಿಸಬೇಕಾಯಿತು. ಅವರು ಕ್ರಿಸ್ತೀಯರಾದುದು ೧೮೮೩ರಲ್ಲಿ. ವಿಧವೆಯರಿಗಾಗಿ ಶಾರದಾ ಸದನವನ್ನು ಸ್ಥಾಪಿಸಿದುದು ೧೮೮೯ರಲ್ಲಿ.

ಅದೇ ಕಾಲದಲ್ಲಿ ಬೊಂಬಾಯಿಯಲ್ಲಿ ರುಖ್ಮಾಬಾಯಿಯವರ ಮೊಕದ್ದಮೆಯು ದೇಶವನ್ನೆಲ್ಲಾ ಕದಲಿಸಿತು. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿ ತಾಯಿಯ ಮನೆಯಲ್ಲಿಯೇ ಬೆಳೆದ ಆಕೆಯನ್ನು, ತನ್ನ ಮನೆಗೆ ಬರಬೇಕೆಂದು ಗಂಡನಾದ ದಾದಾಜಿ ಭಿಕಾಜಿಯು ೧೮೮೪ರಲ್ಲಿ ಹೈಕೋರ್ಟಿಗೆಳೆದನು. ೧೮೮೫ರಲ್ಲಿ ನ್ಯಾಯಾಧೀಶ ಪಿನ್ಹೆಯವರು ಆಕೆಯ ಪರವಾಗಿ ತೀರ್ಪಿತ್ತರು. ಅಪೀಲಿನಲ್ಲಿ ಅದು ನಿಲ್ಲಲಿಲ್ಲ. ೧೮೮೭ರಲ್ಲಿ, ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳ ಸೆರೆಮನೆ ಎಂಬ ಆಜ್ಞೆಯಾಯಿತು. ತನ್ನ ಸಮ್ಮತಿಯಿಲ್ಲದೆ ನಡೆದ ಮದುವೆಗೆ ಕಟ್ಟುಬೀಳುವುದಕ್ಕಿಂತ ಸೆರೆಮನೆಯೇ ಲೇಸೆಂದು ಆಕೆಯು ತಿಳಿಸಿದಳು. ಕಡೆಗೆ ೧೮೮೮ರಲ್ಲಿ ಹಣಕೊಟ್ಟು ರಾಜಿಯಾಯಿತು. ಆಕೆಯು ಲಂಡನಿಗೆ ಹೋಗಿ ವೈದ್ಯಶಾಸ್ತ್ರವನ್ನು ಕಲಿತು, ೧೮೯೪ರಲ್ಲಿ ತೇರ್ಗಡೆಯಾಗಿ ಬಂದು, ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ಬಹುಕಾಲ ಹೆಂಗಸರ ಸೇವೆ ಮಾಡಿದಳು.

ಇಂತಹವರ ಕಷ್ಟಗಳಿಂದ ಕಾಯಿದೆಗಳು ಮೆಲ್ಲಮೆಲ್ಲಗೆ ತಿದ್ದಲ್ಪಟ್ಟವು. ೧೮೯೪ರಲ್ಲಿ ಮೈಸೂರು ಸಂಸ್ಥಾನದವರು ಎಂಟು ವರುಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿದರು. ಇಂದು ಓದಿದರೆ, ಎಂಟು ವರುಷವೆಂಬುದು ಒಂದು ಮಿತಿಯೇ ಎಂದು ಆಶ್ಚರ್ಯವಾಗುವುದು. ಅಂದಿಗೆ ಅದೇ ದೊಡ್ಡ ಹೆಜ್ಜೆ. ೧೯೨೯ರ ಶಾರದಾ ಕಾಯಿದೆಯು ಹುಡುಗಿಯರ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ನಿಲ್ಲಿಸಿತು. ೧೯೪೯ರಲ್ಲಿ ಅದು ಹದಿನೈದಾಯಿತು. ೧೯೭೮ರಲ್ಲಿ ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ಎಂದಾಯಿತು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಅಂತಹ ಮದುವೆಯನ್ನು, ಬಾಲ್ಯದಲ್ಲಿ ಮದುವೆ ಮಾಡಲ್ಪಟ್ಟವರೇ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ನಮ್ಮ ಕರ್ನಾಟಕವಾದರೋ ಒಂದು ಹೆಜ್ಜೆ ಮುಂದೆ ಹೋಗಿ, ೨೦೧೬ರ ತಿದ್ದುಪಡಿಯಿಂದ, ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧುವೆಂದು ವಿಧಿಸಿದೆ. ಆದಕಾರಣ ಹದಿನೆಂಟು ತುಂಬದ ಮಗಳನ್ನು ಮದುವೆ ಮಾಡಿಕೊಡುವ ತಂದೆತಾಯಿಗಳು ಅವಳಿಗೆ ಗಂಡನನ್ನು ಕೊಟ್ಟಂತಲ್ಲ. ಹೆಂಡತಿಯೆಂಬ ಸ್ಥಾನವನ್ನೇ ಅವಳಿಂದ ಕಿತ್ತುಕೊಂಡಂತೆ. ಇದಲ್ಲದೆ ತಾವೂ ಶಿಕ್ಷೆಗೆ ಗುರಿಯಾಗುವರು.

೩. ಕ್ರಿಸ್ತೀಯರ ಮದುವೆಯ ಕಾಯಿದೆ

ನಮ್ಮ ಸಭೆಗಳಲ್ಲಿ ನಡೆಯುವ ಮದುವೆಗಳಿಗೆ ೧೮೭೨ರ ಭಾರತೀಯ ಕ್ರಿಸ್ತೀಯ ವಿವಾಹ ಕಾಯಿದೆಯೇ ಇಂದಿಗೂ ಆಧಾರವಾಗಿದೆ. ವಧೂವರರಲ್ಲಿ ಒಬ್ಬರು ಕ್ರಿಸ್ತೀಯರಾಗಿದ್ದು, ಮದುವೆಯು ಕ್ರಿಸ್ತೀಯ ವಿಧಿಯಲ್ಲಿ ನಡೆಯುವುದಾದರೂ ಈ ಕಾಯಿದೆಯೇ ಅನ್ವಯಿಸುವುದು. ಅದರ ಮುಖ್ಯವಾದ ಅಂಶಗಳನ್ನು ಎಲ್ಲರೂ ತಿಳಿದಿರತಕ್ಕದ್ದು.

ಮೊದಲನೆಯದಾಗಿ, ಮದುವೆ ಮಾಡಿಸುವವನಿಗೆ ಅಧಿಕಾರವಿರಬೇಕು. ಬಿಷಪ್ಪರಿಂದ ಅಭಿಷೇಕ ಹೊಂದಿದ ಗುರುಗಳು, ಸರಕಾರದಿಂದ ಲೈಸೆನ್ಸು ಪಡೆದ ಸಭಾಪಾಲಕರು, ಸರಕಾರವು ನೇಮಿಸಿದ ವಿವಾಹ ರಿಜಿಸ್ಟ್ರಾರರು, ಭಾರತೀಯ ಕ್ರಿಸ್ತೀಯರ ಮದುವೆಗೆ ಸರ್ಟಿಫಿಕೇಟು ಕೊಡಲು ವಿಶೇಷ ಲೈಸೆನ್ಸು ಹೊಂದಿದವರು, ಇಂತಹವರು ಮಾತ್ರವೇ ಮದುವೆ ಮಾಡಿಸಬಹುದು. ಬೇರೆಯವರು ಮಾಡಿಸಿದ ಮದುವೆಯು ಅಸಿಂಧುವೆಂದು ನಾಲ್ಕನೆಯ ಕಲಮು ಹೇಳುತ್ತದೆ. ಅಧಿಕಾರವಿಲ್ಲದೆ ಮದುವೆ ಮಾಡಿಸಿದವನಿಗೆ ಹತ್ತು ವರುಷಗಳವರೆಗೆ ಸೆರೆವಾಸವಾಗಬಹುದು. ಬೈಬಲನ್ನು ಕೈಯಲ್ಲಿ ಹಿಡಿದವರೆಲ್ಲರೂ ಮದುವೆ ಮಾಡಿಸಲು ಅಧಿಕಾರವುಳ್ಳವರಲ್ಲವೆಂಬುದನ್ನು ತಂದೆತಾಯಿಗಳು ಮನಸ್ಸಿನಲ್ಲಿಡಬೇಕು. ಲೈಸೆನ್ಸನ್ನು ತೋರಿಸಿರೆಂದು ಕೇಳುವುದು ಅವಮರ್ಯಾದೆಯಲ್ಲ. ಯೋಗ್ಯರಾದ ಸಭಾಪಾಲಕರು ಅದನ್ನು ಸಂತೋಷದಿಂದಲೇ ತೋರಿಸುವರು.

ಎರಡನೆಯದಾಗಿ, ಮದುವೆಗೆ ಮುಂಚೆ ನೋಟೀಸು ಕೊಡಬೇಕು. ದೇವಾಲಯದಲ್ಲಿ ಆದಿತ್ಯವಾರಗಳಂದು ಮದುವೆಯ ಪ್ರಕಟಣೆಯನ್ನು ಓದುವುದು ಹಾಡಿಗೂ ಪ್ರಸಂಗಕ್ಕೂ ನಡುವೆ ಬರುವ ಬರೀ ಸಂಪ್ರದಾಯವೆಂದು ಅನೇಕರು ತಿಳಿದಿದ್ದಾರೆ. ವರನಿಗೆ ಬೇರೊಬ್ಬ ಹೆಂಡತಿ ಜೀವದಿಂದಿದ್ದರೆ ಬಲ್ಲವರು ಎದ್ದು ಹೇಳಲೆಂಬುದೇ ಅದರ ಅಭಿಪ್ರಾಯ. ಕನ್ಯೆಗೆ ಅದೊಂದು ಕಾವಲು.

ಮೂರನೆಯದಾಗಿ, ವಿಶೇಷವಾದ ಅನುಮತಿಯಿದ್ದ ಹೊರತು, ಬೆಳಿಗ್ಗೆ ಆರು ಗಂಟೆಯಿಂದ ಸಾಯಂಕಾಲ ಏಳು ಗಂಟೆಯೊಳಗಾಗಿ ಮದುವೆಯು ನಡೆಯಬೇಕು. ಕತ್ತಲಲ್ಲಿ ಗುಟ್ಟಾಗಿ ಮದುವೆ ನಡೆಯದಿರಲೆಂದೇ ಈ ನಿಯಮವೆಂದು ನಾವು ಭಾವಿಸುತ್ತೇವೆ.

ನಾಲ್ಕನೆಯದಾಗಿ, ಮದುವೆ ಮಾಡಿಸುವವರಲ್ಲದೆ ಕನಿಷ್ಠಪಕ್ಷ ಇಬ್ಬರು ಸಾಕ್ಷಿಗಳು ಎದುರಿಗಿರಬೇಕು. ಮದುವೆ ಮುಗಿದ ಕೂಡಲೇ ರಿಜಿಸ್ಟರಿನಲ್ಲಿ ವಿವರಗಳನ್ನು ಬರೆದು, ಮದುಮಕ್ಕಳೂ ಸಾಕ್ಷಿಗಳೂ ಮಾಡಿಸಿದವರೂ ರುಜು ಹಾಕಬೇಕು. ಈ ದಾಖಲೆಯ ನಕಲು ಸರಕಾರದ ಅಧಿಕಾರಿಗೂ ಕಳುಹಿಸಲ್ಪಡುತ್ತದೆ. ಶುಲ್ಕವನ್ನು ತೆತ್ತು ಕೇಳಿದರೆ ದೃಢೀಕರಿಸಿದ ನಕಲು ದೊರೆಯುವುದು. ಆ ನಕಲೇ ನ್ಯಾಯಾಲಯದಲ್ಲಿ ಮದುವೆಗೆ ಸಾಕ್ಷ್ಯವಾಗಿ ನಡೆಯುವುದು.

೪. ಇತರ ಮದುವೆಗಳೂ ನೋಂದಣಿಯೂ

ನಮ್ಮ ಶಾಲೆಯಲ್ಲಿ ಎಲ್ಲಾ ಮತಗಳ ಮಕ್ಕಳೂ ಓದುತ್ತಿರುವುದರಿಂದ ಉಳಿದ ಕಾಯಿದೆಗಳ ವಿಷಯವಾಗಿಯೂ ಎರಡು ಮಾತು ಹೇಳುವುದು ಅವಶ್ಯ. ಹಿಂದೂಗಳಿಗೆ ೧೯೫೫ರ ಹಿಂದೂ ವಿವಾಹ ಕಾಯಿದೆಯುಂಟು. ಅದರಲ್ಲಿ ರೂಢಿಯ ವಿಧಿಗಳು ನಡೆದಿರಬೇಕು. ಸಪ್ತಪದಿಯು ರೂಢಿಯಲ್ಲಿರುವಲ್ಲಿ ಏಳನೆಯ ಹೆಜ್ಜೆಗೆ ಮದುವೆಯು ಪೂರ್ಣವಾಗುವುದು. ವಿಧಿಯೇ ನಡೆಯದೆ ಸರ್ಟಿಫಿಕೇಟು ಮಾತ್ರ ಪಡೆದರೆ ಹಿಂದೂ ವಿವಾಹವಾಗದೆಂದು ೨೦೨೪ರಲ್ಲಿ ಸುಪ್ರೀಮ್ ಕೋರ್ಟು ತೀರ್ಮಾನಿಸಿತು. ವಿದೇಶದ ವೀಸಕ್ಕಾಗಿ ಅವಸರದಲ್ಲಿ ಸರ್ಟಿಫಿಕೇಟು ಮಾಡಿಸುವವರು ಇದನ್ನು ಗಮನಿಸಲಿ. ಮುಸಲ್ಮಾನರಲ್ಲಿ ನಿಕಾಹದ ಪತ್ರವನ್ನು ಬರೆದು, ವಧುವಿಗೆ ಸಲ್ಲತಕ್ಕ ಮಹರಿನ ಮೊತ್ತವನ್ನು ಅದರಲ್ಲಿ ಕಾಣಿಸುವ ಸಂಪ್ರದಾಯವಿದೆ. ಒಂದೇ ಉಸಿರಿನಲ್ಲಿ ಮೂರು ಬಾರಿ ತಲಾಖ್ ಹೇಳಿ ಹೆಂಡತಿಯನ್ನು ಬಿಡುವುದು ೨೦೧೯ರ ಕಾಯಿದೆಯಿಂದ ಅಸಿಂಧುವೂ ಅಪರಾಧವೂ ಆಗಿದೆ.

ಮತಭೇದವಿಲ್ಲದೆ ಯಾರಿಗೂ ತೆರೆದಿರುವುದು ೧೯೫೪ರ ವಿಶೇಷ ವಿವಾಹ ಕಾಯಿದೆ. ಅದರಲ್ಲಿ ವಿವಾಹಾಧಿಕಾರಿಗೆ ನೋಟೀಸು ಕೊಟ್ಟು, ಮೂವತ್ತು ದಿನ ಕಾದು, ಮೂವರು ಸಾಕ್ಷಿಗಳ ಮುಂದೆ ಮದುವೆಯಾಗಬೇಕು. ಇದಕ್ಕಿಂತಲೂ ಉಪಯುಕ್ತವಾದ ಮತ್ತೊಂದು ಸಂಗತಿಯೇನೆಂದರೆ, ಬೇರೆ ವಿಧಿಯಿಂದ ಮದುವೆಯಾಗಿ ಒಟ್ಟಿಗೆ ಬಾಳುತ್ತಿರುವ ದಂಪತಿಗಳು ಸಹ, ವಯಸ್ಸು ಮುಂತಾದ ನಿಬಂಧನೆಗಳು ಸರಿಯಾಗಿದ್ದರೆ, ಅದೇ ಕಾಯಿದೆಯ ಹದಿನೈದನೆಯ ಕಲಮಿನ ಮೇರೆಗೆ ತಮ್ಮ ಮದುವೆಯನ್ನು ನೋಂದಾಯಿಸಿಕೊಳ್ಳಬಹುದು. ದಾಖಲೆಯಿಲ್ಲದೆ ಇಪ್ಪತ್ತು ವರುಷ ಸಂಸಾರ ಮಾಡಿದವರಿಗೂ ಬಾಗಿಲು ಮುಚ್ಚಿಲ್ಲ.

ಎಲ್ಲಾ ಮತದವರ ಮದುವೆಗಳೂ ಕಡ್ಡಾಯವಾಗಿ ನೋಂದಾಯಿಸಲ್ಪಡಬೇಕೆಂದು ೨೦೦೬ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟು ರಾಜ್ಯಗಳಿಗೆ ಆಜ್ಞಾಪಿಸಿತು. ನೋಂದಣಿಯೊಂದರಿಂದಲೇ ಮದುವೆಯು ಸಿಂಧುವಾಗುವುದಿಲ್ಲ. ಆದರೆ ಮದುವೆಯಾಯಿತೆಂಬುದಕ್ಕೆ, ವಯಸ್ಸಿಗೆ, ಮಕ್ಕಳ ಹಕ್ಕಿಗೆ ಅದು ಬಲವಾದ ಸಾಕ್ಷ್ಯವೆಂದು ಆ ತೀರ್ಪಿನ ಸಾರ.

೫. ಹೆಂಡತಿಯಾದವಳ ಹಕ್ಕುಗಳು

ಮದುವೆಯು ಸ್ಥಿರಪಟ್ಟಿತೆಂದರೆ ಅದರಿಂದ ಯಾವ ಯಾವ ಹಕ್ಕುಗಳು ಹುಟ್ಟುವುವು? ಮುಖ್ಯವಾದವುಗಳನ್ನು ಮಾತ್ರ ಹೇಳುವೆವು.

ಜೀವನಾಂಶ: ಗಂಡನು ಶಕ್ತನಾಗಿದ್ದೂ ಹೆಂಡತಿಮಕ್ಕಳನ್ನು ಪೋಷಿಸದಿದ್ದರೆ, ಮ್ಯಾಜಿಸ್ಟ್ರೇಟರು ತಿಂಗಳು ತಿಂಗಳು ಕೊಡುವಂತೆ ಆಜ್ಞೆ ಮಾಡಬಹುದು. ಮೊದಲು ಅಪರಾಧ ಪ್ರಕ್ರಿಯಾ ಸಂಹಿತೆಯ ೧೨೫ನೆಯ ಕಲಮಿನಲ್ಲಿದ್ದ ಈ ವಿಧಿಯು, ೨೦೨೪ರ ಜುಲೈ ಒಂದರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮಾಗಿದೆ. ಮಗುವಿನ ಜೀವನಾಂಶಕ್ಕೆ ತಂದೆತಾಯಿಗಳ ಮದುವೆ ಆಗಿತ್ತೋ ಇಲ್ಲವೋ ಎಂಬುದು ಅಡ್ಡಿಯಲ್ಲ. ತಂದೆಯೆಂಬುದು ಸ್ಥಿರಪಟ್ಟರೆ ಸಾಕು.

ಮನೆಯಲ್ಲಿ ವಾಸ: ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯ ಪ್ರಕಾರ, ಗಂಡನೊಡನೆ ಬಾಳಿದ ಮನೆಯು ಯಾರ ಹೆಸರಿನಲ್ಲಿದ್ದರೂ, ನ್ಯಾಯವಾದ ಕ್ರಮದಿಂದಲ್ಲದೆ ಅವಳನ್ನು ಹೊರಗೆ ಹಾಕುವಂತಿಲ್ಲ. ಹೊಡೆತವೊಂದೇ ಹಿಂಸೆಯಲ್ಲ, ಬೈಗುಳ, ಬೆದರಿಕೆ, ಹಣವನ್ನು ತಡೆಹಿಡಿಯುವುದು, ಅವಳ ಒಡವೆಯನ್ನು ಮಾರುವುದು ಸಹ ಹಿಂಸೆಯೇ. ವಿವಾಹದಂತಹ ಸಂಬಂಧದಲ್ಲಿ ಬಾಳಿದವಳಿಗೂ ಈ ಕಾಯಿದೆಯು ಆಶ್ರಯ ಕೊಡುತ್ತದೆ.

ಸ್ವಂತ ಸ್ವತ್ತು: ಮದುವೆಯಲ್ಲಿ ತವರಿನಿಂದಲೂ ಗಂಡನ ಮನೆಯಿಂದಲೂ ಅವಳಿಗೆಂದು ಬಂದ ಒಡವೆವಸ್ತುಗಳು ಅವಳವೇ. ಗಂಡನ ಮನೆಯವರು ಅವನ್ನು ಇಟ್ಟುಕೊಂಡಿದ್ದರೆ ಅದು ಕೇವಲ ಅವಳ ಪರವಾಗಿ ಕಾಯುವುದಕ್ಕೆಂದು ೧೯೮೫ರಲ್ಲಿಯೇ ಸುಪ್ರೀಮ್ ಕೋರ್ಟು ಸ್ತ್ರೀಧನದ ವಿಷಯದಲ್ಲಿ ಹೇಳಿತು. ೧೮೭೪ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯ ಮೇರೆಗೆ, ಗಂಡನು ಹೆಂಡತಿಮಕ್ಕಳ ಹಿತಕ್ಕಾಗಿ ಎಂದು ಬರೆಯಿಸಿ ತೆಗೆದುಕೊಂಡ ಜೀವವಿಮೆಯ ಹಣವನ್ನು ಅವನ ಸಾಲಗಾರರು ಮುಟ್ಟುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವ ದಿನವೇ ಈ ಮಾತನ್ನು ಬರೆಯಿಸಬೇಕು.

ವರದಕ್ಷಿಣೆ: ೧೯೬೧ರ ಕಾಯಿದೆಯಿಂದ ಇದು ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಅಪರಾಧ. ನಮ್ಮ ಕ್ರಿಸ್ತೀಯ ಕುಟುಂಬಗಳಲ್ಲಿ ಇದು ಇಲ್ಲವೆಂದು ಹೇಳಿಕೊಳ್ಳುವುದಕ್ಕೆ ನಮಗೆ ನಾಲಗೆ ಬರುವುದಿಲ್ಲ. "ಮನೆ ಹೂಡುವುದಕ್ಕೆ ಸಹಾಯ" ಎಂಬ ಹೆಸರಿನಲ್ಲಿ ಅದು ಸುಖವಾಗಿಯೇ ಇದೆ. ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಗಳು ಮಾತ್ರ ದೋಷವಲ್ಲ. ಆದರೆ ೧೯೮೫ರ ನಿಯಮಗಳಂತೆ ಅವುಗಳ ಪಟ್ಟಿಯನ್ನು ಬರೆದು, ಕೊಟ್ಟವರ ಹೆಸರು, ಅಂದಾಜು ಬೆಲೆ ಕಾಣಿಸಿ, ವಧೂವರರಿಬ್ಬರೂ ರುಜು ಹಾಕಿ ಇಟ್ಟುಕೊಳ್ಳಬೇಕು. ಹಣಕ್ಕಾಗಿ ಹೆಂಡತಿಯನ್ನು ಪೀಡಿಸುವ ಗಂಡನಿಗೂ ಅವನ ಬಂಧುಗಳಿಗೂ ಮೂರು ವರುಷಗಳವರೆಗೆ ಸೆರೆಯುಂಟು. ೧೯೮೩ರಲ್ಲಿ ದಂಡಸಂಹಿತೆಗೆ ಸೇರಿದ ೪೯೮-ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ ೮೫ನೆಯ ಕಲಮಾಗಿದೆ.

ಉತ್ತರಾಧಿಕಾರ: ತಂದೆಯ ಸ್ವತ್ತಿಗಾಗಿ ಮೋಶೆಯ ಮುಂದೆ ನಿಂತು ಕೇಳಿದ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳ ಕಥೆಯು ನಮಗೆ ತಿಳಿದದ್ದೇ. ನಮ್ಮ ಕಾಲದಲ್ಲಿ ಹಾಗೆ ಕೇಳಿದವರು ಕೊಟ್ಟಾಯಂನಲ್ಲಿ ಶಾಲೆಯೊಂದನ್ನು ಕಟ್ಟಿದ ಮೇರಿ ರಾಯ್ ಅವರು. ತಿರುವಾಂಕೂರಿನ ೧೯೧೬ರ ಕಾಯಿದೆಯಂತೆ ಕ್ರಿಸ್ತೀಯ ಮಗಳಿಗೆ ಮಗನ ಪಾಲಿನ ನಾಲ್ಕರಲ್ಲೊಂದಂಶ ಅಥವಾ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಸಲ್ಲುತ್ತಿತ್ತು. ೧೯೮೬ರಲ್ಲಿ ಸುಪ್ರೀಮ್ ಕೋರ್ಟು ಅವರ ಪರವಾಗಿ ತೀರ್ಪಿತ್ತು, ಅಲ್ಲಿಯೂ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಸಲ್ಲುವುದೆಂದು ಹೇಳಿತು. ಆ ಕಾಯಿದೆಯಂತೆ ಉಯಿಲು ಬರೆಯದೆ ಸತ್ತ ಕ್ರಿಸ್ತೀಯನ ಸ್ವತ್ತಿನಲ್ಲಿ, ಮಕ್ಕಳಿದ್ದರೆ ಹೆಂಡತಿಗೆ ಮೂರರಲ್ಲೊಂದು ಪಾಲು, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಮದುವೆಗೆ ಮುಂಚೆ ಬರೆದ ಉಯಿಲು ಕ್ರಿಸ್ತೀಯರಲ್ಲಿ ಮದುವೆಯಿಂದ ರದ್ದಾಗುವುದೆಂಬುದನ್ನೂ ಅನೇಕರು ಅರಿಯರು. ಹಿಂದೂ ಸ್ತ್ರೀಯರ ವಿಷಯದಲ್ಲಿ ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಒಂದು ಹಕ್ಕಿನ ಕಾಯಿದೆಯನ್ನು ಮಾಡಿದ್ದಿತು. ಕರ್ನಾಟಕವು ೧೯೯೪ರಲ್ಲಿ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಪಾಲುಗಾರರನ್ನಾಗಿ ಮಾಡಿತು. ೨೦೦೫ರಲ್ಲಿ ಅದು ದೇಶಕ್ಕೆಲ್ಲಾ ವಿಸ್ತರಿಸಿತು.

೬. ಬಿಡುಗಡೆಯ ಮಾತು

ಮದುವೆಯು ಮುರಿಯುವ ಮಾತನ್ನು ಸ್ಮರಣ ಸಂಚಿಕೆಯಲ್ಲಿ ಆಡಬಹುದೇ ಎಂದು ಕೆಲವರು ಹುಬ್ಬೇರಿಸಬಹುದು. ಮದುವೆಯು ಪವಿತ್ರವೆಂದೂ ಸಹನೆಯು ದೊಡ್ಡದೆಂದೂ ನಾವು ನಂಬುತ್ತೇವೆ. ಆದರೆ ಆ ಸಹನೆಯನ್ನು ಒಬ್ಬಳಿಂದಲೇ ಕೇಳುವುದು ನ್ಯಾಯವಲ್ಲ. ೧೮೬೯ರ ವಿಚ್ಛೇದನ ಕಾಯಿದೆಯಲ್ಲಿ ಕ್ರಿಸ್ತೀಯ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿ ಬಿಡುಗಡೆ ಪಡೆಯಬಹುದಾಗಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದೊಂದಿಗೆ ಅವನ ಕ್ರೌರ್ಯವನ್ನಾಗಲಿ ಎರಡು ವರುಷಗಳ ಪರಿತ್ಯಾಗವನ್ನಾಗಲಿ ಸಹ ರುಜುವಾತುಪಡಿಸಬೇಕಾಗಿತ್ತು. ಬರೀ ಹೊಡೆತ ತಿಂದವಳಿಗೆ ಬಿಡುಗಡೆಯಿರಲಿಲ್ಲ. ಈ ಪಕ್ಷಪಾತವು ೧೩೨ ವರುಷ ನಡೆದು, ೨೦೦೧ರ ತಿದ್ದುಪಡಿಯಿಂದ ನಿವಾರಣೆಯಾಯಿತು. ಈಗ ಇಬ್ಬರಿಗೂ ಒಂದೇ ಕಾರಣಗಳು. ಪರಸ್ಪರ ಸಮ್ಮತಿಯಿಂದ ಬೇರೆಯಾಗುವ ಮಾರ್ಗವೂ ಉಂಟು.

ಇಲ್ಲೊಂದು ಎಚ್ಚರಿಕೆಯ ಮಾತು. ಸಭೆಯ ನ್ಯಾಯಪೀಠವು ಮದುವೆಯನ್ನು ಅಸಿಂಧುವೆಂದು ಸಾರಿದರೆ, ಅದು ಸಭೆಯೊಳಗಣ ಮಾತು ಮಾತ್ರ. ಸರಕಾರದ ನ್ಯಾಯಾಲಯದ ತೀರ್ಪಿಗೆ ಅದು ಸಮನಲ್ಲ. ೧೯೯೬ರಲ್ಲಿ ಸುಪ್ರೀಮ್ ಕೋರ್ಟು ಹೀಗೆಂದು ನಿರ್ಣಯಿಸಿತು. ಸಭೆಯ ತೀರ್ಪಿಗೂ ಕಾಯಿದೆಯ ಬೆಲೆ ಕೊಡಬೇಕೆಂದು ದಕ್ಷಿಣ ಕನ್ನಡದ ಕೆಥೋಲಿಕ ಸಂಘದ ಪೂರ್ವಾಧ್ಯಕ್ಷರಾದ ಕ್ಲಾರೆನ್ಸ್ ಪಾಯಿಸರು ಹಾಕಿದ್ದ ಅರ್ಜಿಯನ್ನು ೨೦೧೭ರ ಜನವರಿಯಲ್ಲಿ ಅದೇ ಕೋರ್ಟು ತಳ್ಳಿಹಾಕಿತು. ಆದುದರಿಂದ ಸಭೆಯ ತೀರ್ಪನ್ನು ಮಾತ್ರ ನೆಚ್ಚಿ ಮರುಮದುವೆಯಾದರೆ ದ್ವಿಪತ್ನೀತ್ವದ ಅಪರಾಧವಾಗಬಹುದು. ಅದಕ್ಕೆ ಏಳು ವರುಷಗಳವರೆಗೆ ಶಿಕ್ಷೆಯುಂಟು. ಎರಡನೆಯವಳಾಗಿ ಬಂದ ಅಮಾಯಕಳ ಮದುವೆಯೂ ನಿಲ್ಲದೆ ಹೋಗುವುದು.

೭. ತಂದೆತಾಯಿಗಳಿಗೂ ಮದುಮಗಳಿಗೂ ಕೆಲವು ಮಾತು

ಹಾಲ್ ಗೊತ್ತುಮಾಡುವ ಮುಂಚೆ ಮದುವೆ ಮಾಡಿಸುವವರ ಅಧಿಕಾರವನ್ನು ವಿಚಾರಿಸಿರಿ. ಅಳಿಯನಾಗುವವನು ಹಿಂದೆ ಮದುವೆಯಾಗಿದ್ದವನಾದರೆ, ವಿಚ್ಛೇದನದ ಡಿಕ್ರಿಯನ್ನಾಗಲಿ ಮರಣದ ಸರ್ಟಿಫಿಕೇಟನ್ನಾಗಲಿ ಕಣ್ಣಿಂದ ನೋಡಿರಿ. ಮದುವೆಯ ದಿನ ಫೋಟೋ ತೆಗೆಸುವುದಕ್ಕೆ ಮುಂಚೆ ರಿಜಿಸ್ಟರಿನಲ್ಲಿ ರುಜುವಾಯಿತೇ ಎಂದು ನೋಡಿರಿ. ಸರ್ಟಿಫಿಕೇಟಿನ ದೃಢೀಕರಿಸಿದ ಎರಡು ನಕಲುಗಳನ್ನು ಪಡೆದು, ಒಂದನ್ನು ಮಗಳ ಕೈಗೆ ಕೊಟ್ಟು, ಇನ್ನೊಂದನ್ನು ತವರುಮನೆಯ ಪೆಟ್ಟಿಗೆಯಲ್ಲಿಡಿರಿ. ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ಮದುವೆಯಾದ ಮೇಲೆ ಕೆಲಸಕ್ಕೆ ಬಾರದ ಕಾಗದವೆಂದು ಎಸೆಯಬೇಡಿರಿ. ವಯಸ್ಸಿಗೂ ಹೆಸರಿಗೂ ಅದೇ ಆಧಾರ. ಮಗಳ ಹೆಸರಿನಲ್ಲಿಯೇ ಒಂದು ಬ್ಯಾಂಕಿನ ಲೆಕ್ಕವಿರಲಿ.

ಕಷ್ಟವು ಒದಗಿದ ಪಕ್ಷದಲ್ಲಿ ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಸುಮ್ಮನಿರತಕ್ಕದ್ದಲ್ಲ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಹನ್ನೆರಡನೆಯ ಕಲಮಿನಂತೆ, ಆದಾಯವೆಷ್ಟೇ ಇರಲಿ, ಸ್ತ್ರೀಯರೆಲ್ಲರೂ ಉಚಿತವಾದ ಕಾನೂನಿನ ನೆರವಿಗೆ ಹಕ್ಕುಳ್ಳವರು. ಪ್ರತಿಯೊಂದು ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಅದರ ಕಚೇರಿ ಸಾಮಾನ್ಯವಾಗಿ ಇರುತ್ತದೆ. ೧೫೧೦೦ಕ್ಕೆ ದೂರವಾಣಿಯಲ್ಲಿ ವಿಚಾರಿಸಬಹುದು. ಆಪತ್ತಿನಲ್ಲಿರುವ ಹೆಂಗಸರಿಗೆ ೧೮೧, ಬಾಲ್ಯವಿವಾಹ ಮುಂತಾದ ಮಕ್ಕಳ ಕಷ್ಟಗಳಿಗೆ ೧೦೯೮.

ಇನ್ನು ಆ ಹುಡುಗಿಯ ವೃತ್ತಾಂತವನ್ನು ಹೇಳಿ ಮುಗಿಸುವೆವು. ನಾವು ಅವಳನ್ನು ಕರೆದುಕೊಂಡು ಕಾನೂನು ನೆರವಿನ ಕಚೇರಿಗೆ ಹೋದೆವು. ಅಲ್ಲಿಯ ವಕೀಲರು, ತರುಣಿಯಾದರೂ ಬಹಳ ತಾಳ್ಮೆಯುಳ್ಳವರು, ಎಲ್ಲವನ್ನೂ ಕೇಳಿಕೊಂಡು, ಆಸ್ಪತ್ರೆಯಲ್ಲಿ ಮಗುವಿನ ಜನನದ ದಾಖಲೆಯಲ್ಲಿ ತಂದೆಯ ಹೆಸರು, ಬಾಡಿಗೆ ಮನೆಯ ಕರಾರಿನಲ್ಲಿ ಇಬ್ಬರ ಹೆಸರು, ಮದುವೆಯ ಆಮಂತ್ರಣ ಪತ್ರಿಕೆ ಇವನ್ನೆಲ್ಲಾ ಒಟ್ಟುಗೂಡಿಸಿದರು. ಮದುವೆಯ ಒಂದು ಭಾವಚಿತ್ರದಲ್ಲಿ ಗಡಿಯಾರವನ್ನು ಕೊಡುತ್ತಾ ನಿಂತಿದ್ದ ನಾವೂ ಸಾಕ್ಷಿಯಾದೆವು. ಪುಸ್ತಕದಲ್ಲಿ ರುಜು ಹಾಕಲು ಎರಡು ನಿಮಿಷವೂ ಹಿಡಿಯುತ್ತಿರಲಿಲ್ಲ. ಅದಿಲ್ಲದ್ದರಿಂದ ನಾವು ನ್ಯಾಯಾಲಯದ ಮೆಟ್ಟಿಲನ್ನು ನಾಲ್ಕು ಸಲ ಹತ್ತಬೇಕಾಯಿತು. ಅವನು ಮಾಡಿಕೊಳ್ಳಬೇಕೆಂದಿದ್ದ ಎರಡನೆಯ ಮದುವೆಯು, ಅಲ್ಲಿಯ ಸಭಾಪಾಲಕರಿಗೆ ವಿಷಯ ತಿಳಿದ ಮೇಲೆ ನಿಂತಿತು. ತಾಯಿಗೂ ಮಗುವಿಗೂ ತಿಂಗಳು ತಿಂಗಳು ಇಷ್ಟು ಹಣ ಕೊಡಬೇಕೆಂದು ಮಧ್ಯಂತರ ಆಜ್ಞೆಯಾಗಿದೆ. ಮದುವೆಯು ಸಿಂಧುವೋ ಅಲ್ಲವೋ ಎಂಬ ಪ್ರಶ್ನೆಯು ಇನ್ನೂ ತೀರ್ಮಾನವಾಗಿಲ್ಲ. ಅವಳ ಪ್ರಶ್ನೆಗೆ ನಾವು ಅಂದು ಉತ್ತರ ಹೇಳಲಾರದೆ ಹೋದೆವು. ಇಂದೂ ಪೂರ್ಣವಾಗಿ ಹೇಳಲಾರೆವು.

ಈ ವರುಷದಿಂದ ನಮ್ಮ ಹತ್ತನೆಯ ತರಗತಿಯ ಹುಡುಗಿಯರಿಗೆ, ಪರೀಕ್ಷೆಗಳು ಮುಗಿದ ವಾರದಲ್ಲಿ, ಎರಡು ದಿನ ಈ ವಿಷಯಗಳನ್ನೇ ಪಾಠ ಮಾಡುವುದೆಂದು ನಿಶ್ಚಯಿಸಿದ್ದೇವೆ. ಆ ವಕೀಲರು ಬಂದು ಮಾತಾಡಲು ಒಪ್ಪಿದ್ದಾರೆ. ನಮ್ಮ ಸಭಾಪಾಲಕರು ದೇವಾಲಯದ ಮದುವೆಯ ರಿಜಿಸ್ಟರನ್ನು ಮಕ್ಕಳಿಗೆ ತೋರಿಸಿ ಅದರ ಕ್ರಮವನ್ನು ವಿವರಿಸುವೆನೆಂದಿದ್ದಾರೆ. ತಾಯಂದಿರೂ ಬಂದರೆ ನಮಗೆ ಸಂತೋಷ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ವಯಸ್ಸಿನ ದಾಖಲೆ ಬೇಕಾದರೆ ಶಾಲೆಯ ಕಚೇರಿಯಲ್ಲಿ ಕೇಳಿ ಪಡೆಯಬಹುದು, ಸಂಕೋಚಪಡಬೇಕಾದ್ದಿಲ್ಲ. ಮತ್ತು ನಿಮ್ಮ ಮದುವೆಗಳಿಗೆ ನಮ್ಮನ್ನು ಕರೆಯುವುದನ್ನು ಬಿಡಬೇಡಿರಿ. ನಾವು ಬಂದೇ ಬರುವೆವು. ಆದರೆ ಇನ್ನು ಮುಂದೆ ಊಟಕ್ಕೆ ಕೂರುವ ಮುಂಚೆ, ರಿಜಿಸ್ಟರು ಎಲ್ಲಿದೆಯೆಂದು ಕೇಳುವೆವು.